ಮೂರನೆಯ ಕಾರ್ಡ್ ರೀಡರ್

ಮೂರು ತಿಂಗಳಲ್ಲಿ ಮೂರು ಕಾರ್ಡ್ ರೀಡರ್ ತಗೊಂಡೆ. ಮೆಮೊರಿ ಕಾರ್ಡ್ ಹಾಕಿ ಕಂಪ್ಯೂಟರಿಗೆ ಚುಚ್ಚುವ ಸಾಮಾನು. ಮೊದಲನೆಯದಕ್ಕೆ 120 ರೂಪಾಯಿ, ಎರಡನೆಯದಕ್ಕೆ 450, ಮೂರನೆಯದಕ್ಕೆ 890. ಬರೆಯಬೇಕು ಅಂತ ಕೂತಿರುವುದು ಮೂರನೆಯದರ ಬಗ್ಗೆ. ಆದರೆ ಹಿಂದಿನ ಎರಡು ಏನು ಮಾಡಿದವು ಅಂತ ಹೇಳದಿದ್ದರೆ, ಬೆರಳುದ್ದದ ಸಾಮಾನಿಗೆ ಇವನು ಇಷ್ಟುದ್ದ ಯಾಕೆ ಬರೆದ ಅಂತ ನಿಮಗೆ ಅನಿಸುತ್ತದೆ.

ಗಂಗಾವತಿಯಲ್ಲಿ ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಅಪ್ಪ ಶುರು ಮಾಡಿದ್ದು. ಮದುವೆ ಸೀಸನ್ ಬಂತೆಂದರೆ ಕಾರಟಗಿ, ಕನಕಗಿರಿ, ಸಿಂಧನೂರು, ಕೊಪ್ಪಳ ಅಂತ ಸುತ್ತುತ್ತಲೇ ಇರುತ್ತೇವೆ. ಮೊದಲು ಜನ "ಆಲ್ಬಮ್ ಎಷ್ಟು ಹಾಳಿದ್ರಿ?" ಅಂತ ಕೇಳುತ್ತಿದ್ದರು. ಈಗ ಮೊದಲ ಮಾತೇ "ಡ್ರೋನ್ ಐತೇನ್ರಿ?". ರೇಟು ಆಮೇಲೆ.

ಐತಿ. ಡಿಜೆಐ ಮಿನಿ 2. 2021ರಲ್ಲಿ ತಗೊಂಡಿದ್ದು. ತೂಕ 249 ಗ್ರಾಂ. ತಂದ ದಿನ ಅಪ್ಪ ಅಂಗೈ ಮೇಲೆ ಇಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿ ನೋಡಿದರು. "ಪಾವ್ ಕಿಲೋನೂ ಇಲ್ಲಲ್ಲೋ ಇದು. ಇದಕ್ಕ ಇಷ್ಟು ರೊಕ್ಕ ಕೊಟ್ಟಿಯೇನು?" ಅಂದರು. ಮರುವರ್ಷ, 2022ರ ಫೆಬ್ರವರಿಯಲ್ಲಿ, ಹೊರದೇಶದ ಸಿದ್ಧ ಡ್ರೋನ್ ತರಿಸುವುದನ್ನೇ ಸರ್ಕಾರ ನಿಲ್ಲಿಸಿತು. ಹಾಗಾಗಿ ಈ ಪಾವ್ ಕಿಲೋ ನನ್ನ ಪಾಲಿಗೆ ಈಗ ಬಂಗಾರ. ಅದರ ಒಂದು ಸ್ಪ್ರಿಂಗ್ ಹೋದರೂ ನಾನು ಊರೂರು ಅಲೆಯಬೇಕು. ಇದನ್ನು ಯಾಕೆ ಹೇಳಿದೆ ಅಂದರೆ, ಒಳಗಿನ ವಿಡಿಯೋವನ್ನು ಹೊರಗೆ ಇಳಿಸಿಕೊಳ್ಳುವಾಗ ಡ್ರೋನಿಗೆ ಆದಷ್ಟು ಕಡಿಮೆ ಕಾಟ ಕೊಡಬೇಕು ಅನ್ನುವುದು ನನ್ನ ಮೊದಲ ಲೆಕ್ಕ.

ಹಾರಿಸುವುದನ್ನು ಎಲ್ಲರೂ ಕಲಿಸುತ್ತಾರೆ. ಇಳಿಸಿದ ಮೇಲೆ ಒಳಗಿನ ವಿಡಿಯೋವನ್ನು ಸಿಸ್ಟಮ್‌ಗೆ (ಅಂದರೆ ಕಂಪ್ಯೂಟರಿಗೆ) ಡಂಪ್ ಮಾಡುವುದನ್ನು ಯಾರೂ ಕಲಿಸುವುದಿಲ್ಲ. ಅದೇನು, ಕಾಪಿ ಪೇಸ್ಟ್ ತಾನೇ ಅಂತ ಬಿಡುತ್ತಾರೆ. ನಾನೂ ಹಾಗೇ ಬಿಟ್ಟಿದ್ದೆ.

ಮೊದಲ ಪೆಟ್ಟು ಬಿದ್ದಿದ್ದು ಫೋನಿನಿಂದ. ನಮ್ಮ ಅಕ್ಕನ ಮಗ ಶರಣು ನನ್ನ ಜೊತೆ ಕೆಲಸ ಕಲಿಯುತ್ತಿದ್ದಾನೆ. ಒಂದು ನಿಶ್ಚಯದ ಕಾರ್ಯಕ್ರಮ ತೆಗೆದಿದ್ದೆವು. ಮದುವೆಯ ಹಿಂದಿನ ದಿನ ಎಲ್ಇಡಿ ಪರದೆ ಮೇಲೆ ಹಾಕಲು ಎರಡು ನಿಮಿಷದ ತುಣುಕು ಬೇಕಿತ್ತು. ಶರಣು ಫೋನಿನಲ್ಲಿದ್ದ ಡ್ರೋನ್ ವಿಡಿಯೋಗಳನ್ನೇ ಸಿಸ್ಟಮ್‌ಗೆ ಹಾಕಿ ಎಡಿಟ್ ಮಾಡಿ ಕೊಟ್ಟ. ಚಿಕ್ಕ ಮಾನಿಟರ್‌ನಲ್ಲಿ ಚೆನ್ನಾಗೇ ಕಂಡಿತ್ತು. ಹನ್ನೆರಡು ಅಡಿ ಪರದೆ ಮೇಲೆ ಬಂದಾಗ ಹುಡುಗಿಯ ಸೋದರಮಾವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಏನ್ರಿ ಇದು, ಮಂಜು ಬಿದ್ದಂಗ ಕಾಣ್ತೈತಿ?"

ಆಗಿದ್ದಿಷ್ಟು. ಹಾರಿಸುವಾಗ ನಾವು ಫೋನಿನಲ್ಲಿ ನೋಡುತ್ತೇವಲ್ಲ, ಆ ಚಿತ್ರವನ್ನು ಡಿಜೆಐ ಫ್ಲೈ ಆ್ಯಪ್ ಫೋನಿನಲ್ಲೇ ಉಳಿಸಿಕೊಂಡಿರುತ್ತದೆ. ಅದು ಬರೀ 720 ಸಾಲಿನದು. ಅಸಲಿ ವಿಡಿಯೋ 4ಕೆ, ಅಂದರೆ 2160 ಸಾಲಿನದು. ಅದು ಇರುವುದು ಡ್ರೋನಿನೊಳಗಿನ ಮೈಕ್ರೋಎಸ್‌ಡಿ ಕಾರ್ಡಿನಲ್ಲಿ. ಪಿಕ್ಸೆಲ್ ಲೆಕ್ಕ ಹಾಕಿದರೆ ಅಸಲಿಯಲ್ಲಿ ಒಂಬತ್ತು ಪಟ್ಟು ಜಾಸ್ತಿ. ಅಂದರೆ ನಾವು ಪರದೆ ಮೇಲೆ ತೋರಿಸಿದ್ದು ಕಬ್ಬು ಹಿಂಡಿದ ಮೇಲಿನ ಸಿಪ್ಪೆ. ಶರಣುವನ್ನು ಬೈಯಲು ಬಾಯಿ ಬರಲಿಲ್ಲ. ನಾನೂ ನೋಡಿ ಹೂಂ ಅಂದಿದ್ದೆನಲ್ಲ.

ಆ್ಯಪಿನಲ್ಲಿ ಅಸಲಿ ಫೈಲನ್ನೇ ವೈ-ಫೈ ಮೂಲಕ ಫೋನಿಗೆ ಇಳಿಸುವ ದಾರಿಯೂ ಇದೆ. ಕ್ವಿಕ್ ಟ್ರಾನ್ಸ್‌ಫರ್ ಅಂತಾರೆ. ಕಂಪನಿ ಸೆಕೆಂಡಿಗೆ 20 ಎಂಬಿವರೆಗೆ ಅನ್ನುತ್ತದೆ. ನನ್ನ ಫೋನಿನಲ್ಲಿ 12ರ ಆಸುಪಾಸು ಬಂತು. ಸ್ಟೇಟಸ್‌ಗೆ ಹಾಕಲು ಒಂದು ತುಣುಕು ಬೇಕು ಅಂದರೆ ಇದು ಬಹಳ ಚೆಂದ. ಇಡೀ ಮದುವೆಯನ್ನು ಹೀಗೆ ಇಳಿಸಲು ಹೋದರೆ ಫೋನ್ ತುಂಬಿ ಹೋಗುತ್ತದೆ. ಆಮೇಲೆ ಫೋನಿನಿಂದ ಸಿಸ್ಟಮ್‌ಗೆ ಮತ್ತೊಂದು ಸಲ. ಒಂದೇ ನೆಲ್ಲಿನ ಚೀಲವನ್ನು ಎರಡು ಲಾರಿಗೆ ಏರಿಸಿ ಇಳಿಸಿದ ಹಾಗೆ.

ಆಮೇಲೆ ಕೇಬಲ್. ಡ್ರೋನಿನ ಹಿಂದೆ ಟೈಪ್-ಸಿ ಕಿಂಡಿ ಇದೆ. ಅದಕ್ಕೆ ಕೇಬಲ್ ಹಾಕಿ ಸಿಸ್ಟಮ್‌ಗೆ ಚುಚ್ಚಿದೆ. ಏನೂ ಬರಲಿಲ್ಲ. ಇನ್ನೊಂದು ಕೇಬಲ್ ಹಾಕಿದೆ. ಬರಲಿಲ್ಲ. ಮನೆಯಲ್ಲಿರುವ ಕೇಬಲ್‌ಗಳಲ್ಲಿ ಅರ್ಧ ಬರೀ ಚಾರ್ಜಿಂಗ್‌ನವು, ಒಳಗೆ ಡೇಟಾ ತಂತಿಯೇ ಇರುವುದಿಲ್ಲ ಅಂತ ಆಗ ಗೊತ್ತಾಯಿತು. ಡ್ರೋನ್ ಜೊತೆ ಬಂದ ಕೇಬಲ್ ಹುಡುಕಿ ಹಾಕಿದ ಮೇಲೆ ಕಾಣಿಸಿತು. ಆದರೆ ಮಿನಿ 2 ಆನ್ ಇರಬೇಕು. ಆನ್ ಇದ್ದರೆ ಬ್ಯಾಟರಿ ಕರಗುತ್ತದೆ. ಹಾರುವಾಗ ಗಾಳಿ ಬಡಿದು ತಣ್ಣಗಿರುವ ಸಾಮಾನು, ಮೇಜಿನ ಮೇಲೆ ಸುಮ್ನೆ ಕೂತರೆ ಕಾವು ಏರುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಲ್ಲ, ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಇರುತ್ತದೆ. ಟೇಬಲ್ ಫ್ಯಾನ್ ಮುಂದೆ ಡ್ರೋನ್ ಇಟ್ಟುಕೊಂಡು ಕಾಪಿ ಮಾಡಿದ್ದೇನೆ. ಮದುಮಗನಿಗೆ ಬೀಸಿದ ಹಾಗೆ. ಎರಡು ದಿನ ಮಾಡಿ ಬಿಟ್ಟೆ. ಬಂಗಾರದ ಪಾವ್ ಕಿಲೋಗೆ ಇಷ್ಟು ಕಾಟ ಬೇಡ.

ಉಳಿದಿದ್ದು ಕಾರ್ಡ್ ತೆಗೆದು ರೀಡರ್‌ಗೆ ಹಾಕುವುದು. ಇದರಲ್ಲೂ ಒಂದು ಸಣ್ಣ ತೊಂದರೆ ಇದೆ. ದಿನಾ ತೆಗೆದು ಹಾಕಿದರೆ ಡ್ರೋನಿನ ಕಾರ್ಡ್ ಕಿಂಡಿ ಸವೆಯುತ್ತದೆ. ಆದರೆ ಬ್ಯಾಟರಿ, ಕಾವು, ಕೇಬಲ್ ಎಳೆದಾಟ ಎಲ್ಲ ತೂಗಿ ನೋಡಿದರೆ ಇದೇ ಹಗುರ.

ಮೊದಲ ರೀಡರ್ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯದು. ಗಾಜಿನ ಬರಣಿಯಲ್ಲಿ ಪೆಪ್ಪರಮಿಂಟ್ ಹಾಗೆ ತುಂಬಿಟ್ಟಿದ್ದರು. ಕೆಂಪು, ಹಸಿರು, ಹಳದಿ. ನಾನು ಹಸಿರು ಆರಿಸಿದೆ. ಅದರ ಬಗ್ಗೆ ಹೇಳಲು ಅಷ್ಟೇ ಇದೆ. 41 ಜಿಬಿ ಇಳಿಸಲು 36 ನಿಮಿಷ ತಗೊಂಡಿತು. ನಡುವೆ ಯಾರಾದರೂ ಮೇಜಿಗೆ ಕೈ ತಾಗಿಸಿದರೆ ಕಾರ್ಡ್ ಮಾಯ.

41 ಜಿಬಿ ಅಂದರೆ ಎಷ್ಟು ಅಂತ ಹೇಳಿಬಿಡುತ್ತೇನೆ. ಮಿನಿ 2 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಎಂಬಿ. ನಿಮಿಷಕ್ಕೆ 750 ಎಂಬಿ. ಒಂದು ಬ್ಯಾಟರಿಯಲ್ಲಿ ಹದಿನಾಲ್ಕು ಹದಿನೈದು ನಿಮಿಷ ರೆಕಾರ್ಡ್ ಮಾಡುತ್ತೇವೆ, ಉಳಿದದ್ದು ಏರುವುದಕ್ಕೆ ಇಳಿಯುವುದಕ್ಕೆ. ನಾಲ್ಕು ಬ್ಯಾಟರಿ ಖಾಲಿ ಮಾಡಿದರೆ ಹತ್ತಿರ ಹತ್ತಿರ 41, 42. ನಮ್ಮ ಕಡೆ ಸಾಮಾನ್ಯ ಮದುವೆಗೆ ಇದು ಲೆಕ್ಕ. ಗಿರಣಿ ಮಾಲೀಕರ ಮನೆ ಮದುವೆ ಆದರೆ ಎರಡರಷ್ಟು.

ಎರಡನೆಯ ರೀಡರ್ ಆನ್‌ಲೈನ್‌ನಲ್ಲಿ ತರಿಸಿದ್ದು. ಪೊಟ್ಟಣದ ಮೇಲೆ ದೊಡ್ಡದಾಗಿ 3.0 ಅಂತ ಇತ್ತು. ಪ್ಲಗ್ಗಿನೊಳಗಿನ ಪ್ಲಾಸ್ಟಿಕ್ ನೀಲಿ. ನೀಲಿ ಅಂದರೆ ಯುಎಸ್‌ಬಿ 3, ವೇಗದ ನಮೂನೆ ಅಂತ ನಾವೆಲ್ಲ ಕಲಿತಿದ್ದೇವೆ ಅಲ್ವಾ? ಅದೇ 41 ಜಿಬಿಗೆ 23 ನಿಮಿಷ. ಸೆಕೆಂಡಿಗೆ 30 ಎಂಬಿ ಹತ್ತಿರ ಬಂದು ನಿಂತುಬಿಡುತ್ತಿತ್ತು, ದಾಟುತ್ತಲೇ ಇರಲಿಲ್ಲ. ಯುಎಸ್‌ಬಿ 2 ಅನ್ನುವ ಹಳೇ ನಮೂನೆಯ ಕೈಯಲ್ಲಿ ಆಗುವುದೇ 30, 40ರ ತನಕ.

ಒಂದು ದಿನ ಬೇಸರಕ್ಕೆ ಟಾರ್ಚ್ ಹಾಕಿ ಪ್ಲಗ್ಗಿನ ಬಾಯೊಳಗೆ ನೋಡಿದೆ. ಮುಂದೆ ನಾಲ್ಕು ಹಿತ್ತಾಳೆ ಬಣ್ಣದ ಪಟ್ಟಿ. ಅವು ಎಲ್ಲದರಲ್ಲೂ ಇರುತ್ತವೆ. ಅಸಲಿ 3.0 ಆದರೆ ಅವುಗಳ ಹಿಂದೆ, ಇನ್ನೂ ಒಳಗೆ, ಸಣ್ಣವು ಐದು ಇರಬೇಕು. ಒಟ್ಟು ಒಂಬತ್ತು. ನನ್ನದರಲ್ಲಿ ಹಿಂದೆ ಏನೂ ಇರಲಿಲ್ಲ. ಖಾಲಿ ನೀಲಿ ಪ್ಲಾಸ್ಟಿಕ್. ಹಾಲಿಗೆ ನೀರು ಹಾಕುವವರನ್ನು ನೋಡಿದ್ದೇನೆ, ನೀರಿಗೆ ಬರೀ ಬಿಳಿ ಬಣ್ಣ ಹಾಕಿ ಮಾರಿದ್ದನ್ನು ಇದೇ ಮೊದಲು ನೋಡಿದ್ದು. ನೀವು ಯಾವುದೇ ರೀಡರ್ ತಗೊಳ್ಳಿ, ಟೈಪ್-ಎ ಅನ್ನುವ ಅಗಲ ಪ್ಲಗ್ ಇದ್ದರೆ ಅಂಗಡಿಯಲ್ಲೇ ಫೋನಿನ ಟಾರ್ಚ್ ಹಾಕಿ ಒಂಬತ್ತು ಎಣಿಸಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ಈಗ ಆ ರಾತ್ರಿಯ ಕಥೆಗೆ ಬರುತ್ತೇನೆ.

ಕಾರಟಗಿ ಕಡೆಯ ಮದುವೆ. ಎರಡು ಕಾರ್ಡ್. ಒಂದರಲ್ಲಿ ಹಿಂದಿನ ದಿನದ ಅರಿಶಿನ, ಇನ್ನೊಂದರಲ್ಲಿ ಮೆರವಣಿಗೆ ಮತ್ತು ಅಕ್ಕಿಕಾಳು. ಮನೆಗೆ ಬಂದಾಗ ರಾತ್ರಿ ಹನ್ನೆರಡೂವರೆ. ಬೆಳಿಗ್ಗೆ ಐದಕ್ಕೆ ಮತ್ತೊಂದು ಮದುವೆಗೆ ಹೊರಡಬೇಕು. ಮೊದಲ ಕಾರ್ಡ್ ಹಾಕಿದೆವು. ಪಟ್ಟಿ ಹಸಿರಾಗಿ ಇಷ್ಟಿಷ್ಟೇ ತೆವಳುತ್ತಿತ್ತು. ನಾನು ಅಲ್ಲೇ ಚಾಪೆ ಮೇಲೆ ಒರಗಿದೆ. "ಮಾಮಾ, ನೀ ಮಲಕ್ಕೋ, ನಾ ನೋಡ್ಕೋತೀನಿ" ಅಂದ ಶರಣು. ಅವನೂ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ.

ಫಾರ್ಮ್ಯಾಟ್ ಮಾಡಿದ, ಅಂದರೆ ಎಲ್ಲ ಅಳಿಸಿ ಖಾಲಿ ಮಾಡಿದ ಕಾರ್ಡ್ ಹಾಕಿದರೆ ನಮ್ಮ ಡ್ರೋನ್ ಹೆಸರನ್ನು ಮತ್ತೆ ಡಿಜೆಐ 0001ರಿಂದ ಶುರು ಮಾಡುತ್ತದೆ. ಹಾಗಾಗಿ ಎರಡೂ ಕಾರ್ಡಿನಲ್ಲಿ 0001, 0002, 0003 ಅಂತಲೇ ಫೈಲುಗಳು. ಮೊದಲ ಕಾರ್ಡ್ ಮುಗಿಯಿತು. ಶರಣು ಅದನ್ನು ಡ್ರೋನಿಗೆ ಹಾಕಿ, ನಾಳೆಗೆ ಬೇಕಲ್ಲ ಅಂತ ಫಾರ್ಮ್ಯಾಟ್ ಹೊಡೆದ. ಎರಡನೆಯದನ್ನು ಅದೇ ಫೋಲ್ಡರಿಗೆ ಪೇಸ್ಟ್ ಮಾಡಿದ. ಇದೇ ಹೆಸರಿನ ಫೈಲುಗಳು ಆಗಲೇ ಇವೆ, ಏನು ಮಾಡಲಿ ಅಂತ ವಿಂಡೋಸ್ ಕೇಳಿತು. ಮೂರು ಸಾಲು. ಮೊದಲ ಸಾಲು ರಿಪ್ಲೇಸ್, ಹಳೆಯದನ್ನು ತೆಗೆದು ಆ ಜಾಗಕ್ಕೆ ಹೊಸದು. ನಿದ್ದೆಗಣ್ಣಿನ ಹುಡುಗ ಮೊದಲ ಸಾಲು ಒತ್ತಿದ.

ಹದಿನಾಲ್ಕು ಕ್ಲಿಪ್ ಹೋದವು. ಗೊತ್ತಾಗಿದ್ದು ಬೆಳಿಗ್ಗೆ ನಾಲ್ಕೂವರೆಗೆ, ಚಹಾ ಕುಡಿಯುತ್ತಾ ಸುಮ್ನೆ ಒಂದೊಂದೇ ತೆರೆದು ನೋಡುವಾಗ. ಅರಿಶಿನದ ದಿನದ ಒಂದೂ ಇಲ್ಲ. ಪುಣ್ಯಕ್ಕೆ ಆ ಕಾರ್ಡ್ ಮೇಲೆ ಇನ್ನೂ ಏನೂ ಹೊಸದಾಗಿ ತೆಗೆದಿರಲಿಲ್ಲ. ಕಾರ್ಡ್ ಹೊರಗೆ ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ. ಆ ದಿನ ಬೇರೆ ಕಾರ್ಡಿನಲ್ಲೇ ಕೆಲಸ ಮಾಡಿದೆವು. ರಾತ್ರಿ ಬಂದು, ಅಳಿಸಿದ ಫೈಲು ಹುಡುಕಿ ತೆಗೆಯುವ ಫೋಟೋರೆಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿದೆ. ಕಪ್ಪು ಪರದೆ, ಬಿಳಿ ಅಕ್ಷರ. ನೋಡಲು ಚೆಂದ ಇಲ್ಲ. ಕೆಲಸ ಮಾಡುತ್ತದೆ. ಹೆಸರೆಲ್ಲ ಹೋಗಿ ಬರೀ ನಂಬರಿನ ಫೈಲುಗಳು ಬಂದವು. ಹದಿನಾಲ್ಕರಲ್ಲಿ ಹನ್ನೊಂದು ಓಡಿದವು. ಮೂರು ತೆರೆಯಲೇ ಇಲ್ಲ.

ಆ ಮೂರರಲ್ಲಿ ಒಂದು, ಮಾಳಿಗೆ ಮೇಲೆ ಕೂತಿದ್ದ ಹುಡುಗಿಯ ಅಜ್ಜಿಯದು. ಡ್ರೋನ್ ತಲೆ ಮೇಲೆ ಬಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಎರಡೂ ಕೈ ಎತ್ತಿ ಮುಗಿದಿತ್ತು. ಹಾರಿಸುವಾಗ ಫೋನಿನಲ್ಲಿ ನೋಡಿ ನಕ್ಕಿದ್ದೆ. ಇದನ್ನು ಕೊನೆಗೆ ಹಾಕಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಮನೆಯವರಿಗೆ ಅಂಥ ಕ್ಲಿಪ್ ಇತ್ತು ಅಂತಲೇ ಗೊತ್ತಿಲ್ಲ. ನನಗೆ ಗೊತ್ತು.

ಇದು ರೀಡರಿನ ತಪ್ಪಲ್ಲ, ಒಪ್ಪುತ್ತೇನೆ. ಕೈ ನಮ್ಮದೇ. ಆದರೆ ಡಂಪ್ ಮಾಡುವುದು ಯಾವಾಗಲೂ ಕೆಲಸದ ಕೊನೆಗೆ, ಮೈ ಸೋತ ಮೇಲೆ. ಮುಕ್ಕಾಲು ಗಂಟೆ ಪಟ್ಟಿ ನೋಡುತ್ತಾ ಕೂರು ಅಂದರೆ ಮನುಷ್ಯ ನಿದ್ದೆ ಹೋಗುತ್ತಾನೆ. ಎಂಟು ನಿಮಿಷ ಆದರೆ ಕೂರುತ್ತಾನೆ. ನಾನು ವೇಗದ ರೀಡರ್ ಹುಡುಕಿದ್ದು ಸಮಯ ಉಳಿಸಲು ಅಲ್ಲ. ಕಣ್ಣು ತೆರೆದಿರುವಾಗಲೇ ಕೆಲಸ ಮುಗಿಯಲಿ ಅಂತ.

ಮುಂದಿನ ವಾರ ಆಲ್ಬಮ್ ಪ್ರಿಂಟ್ ತರಲು ಹುಬ್ಬಳ್ಳಿಗೆ ಹೋಗಿದ್ದಾಗ ಮೂರನೆಯದು ತಂದೆ. ಕಂಪನಿ ಹೆಸರು ಬರೆಯುವುದಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ, ಸುಮ್ನೆ ರಗಳೆ ಯಾಕೆ. ನೋಡಬೇಕಾದ್ದು ಏನು ಅಂತ ಹೇಳುತ್ತೇನೆ, ಅಂಥದ್ದು ಯಾವ ಕಂಪನಿಯದಾದರೂ ನಡೆಯುತ್ತದೆ. ಅಲ್ಯೂಮಿನಿಯಂ ಮೈ. ಒಂದು ತುದಿಗೆ ಹಳೇ ನಮೂನೆಯ ಟೈಪ್-ಎ, ಇನ್ನೊಂದು ತುದಿಗೆ ಟೈಪ್-ಸಿ. ಪಕ್ಕದಲ್ಲಿ ಎರಡು ಕಿಂಡಿ, ದೊಡ್ಡ ಎಸ್‌ಡಿ ಕಾರ್ಡಿಗೆ ಒಂದು, ಮೈಕ್ರೋಗೆ ಒಂದು. ಪೊಟ್ಟಣದ ಮೇಲೆ ಯುಎಚ್‌ಎಸ್-1 ಅಂತ ಇದೆ, ಕಾರ್ಡಿನಿಂದ ಡೇಟಾ ಹರಿಯುವ ದಾರಿಯ ದರ್ಜೆ ಅದು. ಒಂಬತ್ತು ಎಣಿಸಿಯೇ ದುಡ್ಡು ಕೊಟ್ಟೆ.

ಮನೆಗೆ ತಂದು ಚುಚ್ಚಿದರೆ ಸೆಕೆಂಡಿಗೆ 34 ಎಂಬಿ!

ತಲೆ ಕೆಟ್ಟುಹೋಯಿತು. ಹುಬ್ಬಳ್ಳಿಗೆ ಫೋನ್ ಮಾಡಿ ಜಗಳ ಆಡಲು ನಂಬರ್ ಕೂಡ ಹುಡುಕಿದೆ. ಅಷ್ಟರಲ್ಲಿ ಶರಣು ಸಿಪಿಯು ಹಿಂದೆ ಬಗ್ಗಿ, "ಮಾಮಾ, ಹಿಂದ ನೀಲಿದು ಐತಿ ನೋಡು" ಅಂದ. ನಾನು ಮೂರು ವರ್ಷದಿಂದ ಎಲ್ಲವನ್ನೂ ಮುಂದಿನ ಪೋರ್ಟಿಗೇ ಚುಚ್ಚುತ್ತಿದ್ದೆ. ಕೈಗೆ ಸಿಗುತ್ತದೆ ಅಂತ. ಅದು ಯುಎಸ್‌ಬಿ 2. ಹಿಂದಿನ ನೀಲಿ ಪೋರ್ಟಿಗೆ ಹಾಕಿದ ಕೂಡಲೇ 83. ಅದೇ 41 ಜಿಬಿ ಎಂಟು ಚಿಲ್ಲರೆ ನಿಮಿಷದಲ್ಲಿ ಇಳಿಯಿತು. ರೀಡರ್ ಬದಲಿಸುವ ಮೊದಲು ಪೋರ್ಟ್ ಬದಲಿಸಿ ನೋಡಿ. ಅದಕ್ಕೆ ದುಡ್ಡು ಬೇಡ.

ಅಪ್ಪ ಆವತ್ತು ಅಂಗಡಿಯಲ್ಲೇ ಇದ್ದರು. ಅವರ ಕಾಲಕ್ಕೆ ಮಿನಿ ಡಿವಿ ಕ್ಯಾಸೆಟ್. ಒಂದು ಗಂಟೆಯ ಕ್ಯಾಸೆಟ್ ಸಿಸ್ಟಮ್‌ಗೆ ಇಳಿಯಲು ಸರಿಯಾಗಿ ಒಂದು ಗಂಟೆ. ಕ್ಯಾಮೆರಾ ಓಡುತ್ತಿರಬೇಕು, ಫೈರ್‌ವೈರ್ ಕೇಬಲ್‌ನಲ್ಲಿ ಅದು ಹರಿಯುತ್ತಿರಬೇಕು. ಕರೆಂಟ್ ಹೋದರೆ ಮತ್ತೆ ಹಿಂದಕ್ಕೆ ಸುತ್ತು. ಎಂಟು ನಿಮಿಷಕ್ಕೆ ಮುಗಿದದ್ದು ನೋಡಿ ಅವರು ಅಂದದ್ದು ಇಷ್ಟೇ: "ಕ್ಯಾಸೆಟ್ ಇಳಿಯೋದ್ರಾಗ ಇಡೀ ಮದುವಿ ಮತ್ತೊಮ್ಮೆ ನೋಡಿರತಿದ್ವಿ. ನೀವು ನೋಡೋದ ಇಲ್ಲ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಕೈಯಲ್ಲಿ ಒಂದು ಕ್ಲಿಪ್ಪೂ ಕಳೆದಿರಲಿಲ್ಲ ಅನ್ನುವುದು ನಿಜ.

ಇನ್ನೊಂದು ವಿಷಯ. ಕೆಲವು ಕಾರ್ಡ್‌ಗಳ ಮೇಲೆ 170, 200 ಅಂತ ವೇಗ ಬರೆದಿರುತ್ತಾರೆ. ಯುಎಚ್‌ಎಸ್-1 ಕಾರ್ಡಿನ ದಾರಿಯಲ್ಲಿ ನಿಯಮದ ಪ್ರಕಾರ ಹೋಗಬಹುದಾದ್ದೇ 104 ಎಂಬಿ. ಅದಕ್ಕಿಂತ ಜಾಸ್ತಿ ಬೇಕೆಂದರೆ ಆ ಕಂಪನಿಯವರದೇ ತಕ್ಕ ರೀಡರ್ ಬೇಕು. ನನಗೆ ಬರುತ್ತಿರುವ 83 ನನಗೆ ಧಾರಾಳ. ಹಾಗೆ ನೋಡಿದರೆ ಡ್ರೋನಿಗೆ ಮುಖ್ಯ ಓದುವ ವೇಗ ಅಲ್ಲ, ಬರೆಯುವ ವೇಗ. ಕಾರ್ಡ್ ಮೇಲೆ ವಿ30 ಅಂತ ಇದ್ದರೆ ಸೆಕೆಂಡಿಗೆ 30 ಎಂಬಿಗೆ ಕಡಿಮೆ ಇಲ್ಲದಂತೆ ಬರೆಯುತ್ತದೆ ಅಂತ ಅರ್ಥ. ನಮಗೆ ಬೇಕಾಗಿರುವುದು ಹನ್ನೆರಡೂವರೆ. ಸಾಕಲ್ವಾ?

ಬೈಯುವುದಿದೆ ಅಂದೆನಲ್ಲ. ಮೈಕ್ರೋ ಕಿಂಡಿಯಲ್ಲಿ ಕಾರ್ಡ್ ಪೂರ್ತಿ ಒಳಗೆ ಹೋಗಿ ಕೂರುತ್ತದೆ. ಹೊರಗೆ ಉಳಿಯುವುದು ಅಕ್ಕಿಕಾಳಿನ ಅಗಲ. ಉಗುರು ಕತ್ತರಿಸಿದ ದಿನ ಕಾರ್ಡ್ ಹೊರಗೆ ಬರಲ್ಲ. ಎರಡು ಕಿಂಡಿ ಇದ್ದರೂ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಎರಡೂ ಕಾರ್ಡ್ ಹಾಕಿದರೆ ಒಂದು ಕಾಣಿಸುತ್ತದೆ, ಇನ್ನೊಂದು ಮುನಿಸಿಕೊಂಡು ಕೂರುತ್ತದೆ. ಮೈ ಅಗಲ, ಪಕ್ಕದ ಪೋರ್ಟಿಗೆ ಬೇರೇನೂ ಹಾಕಲು ಬಿಡಲ್ಲ. ಟೈಪ್-ಸಿ ತುದಿಯ ಮುಚ್ಚಳ ಮೊದಲ ವಾರವೇ ಕಳೆಯಿತು. ಅದು ಕಳೆಯಲೆಂದೇ ಮಾಡಿದ ಮುಚ್ಚಳ. ಮತ್ತೆ ಕಾವು. ಎರಡು ಕಾರ್ಡ್ ಒಂದಾದ ಮೇಲೊಂದು ಇಳಿಸಿದರೆ ಲೋಹದ ಮೈ ಚಹಾ ಲೋಟದಷ್ಟು ಬಿಸಿ. ಇಲ್ಲಿಯವರೆಗೆ ಅದರಿಂದ ಏನೂ ಆಗಿಲ್ಲ. ಆದರೂ ಎರಡರ ನಡುವೆ ಐದು ನಿಮಿಷ ಬಿಡುತ್ತೇನೆ.

ಮುಚ್ಚಳ ಕಳೆದದ್ದು ಸಣ್ಣ ಮಾತು ಅಂತ ಬೇರೆ ಊರಿನವರಿಗೆ ಅನಿಸಬಹುದು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ನಡುವೆ ಇರುವವರಿಗೆ ಗೊತ್ತು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಹೊಟ್ಟಿನ ಬೂದಿಯಲ್ಲಿ ಹೆಸರು ಬರೆಯಬಹುದು. ಆ ಬೂದಿ ಕಿಂಡಿಯೊಳಗೂ ಹೋಗುತ್ತದೆ. ಈಗ ರೀಡರನ್ನು ಹಳೇ ಫಿಲ್ಮ್ ರೋಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಅಪ್ಪನ ಕಾಲದ ಡಬ್ಬಿ, ಕಪ್ಪು ಮೈ, ಬೂದು ಮುಚ್ಚಳ. ಅಳತೆ ತೆಗೆದು ಮಾಡಿದ ಹಾಗೆ ಕೂರುತ್ತದೆ. ಕಾರ್ಡಿನ ಹಿತ್ತಾಳೆ ಹಲ್ಲು ಮಬ್ಬಾದರೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸುತ್ತೇನೆ.

ಈ ರೀಡರಿನಲ್ಲಿ ನನಗೆ ಬಹಳ ಇಷ್ಟವಾದದ್ದು ವೇಗ ಅಲ್ಲ, ಆ ದೊಡ್ಡ ಎಸ್‌ಡಿ ಕಿಂಡಿ. ಡ್ರೋನಿನದು ಮೈಕ್ರೋ ಕಾರ್ಡ್, ಮತ್ತೆ ದೊಡ್ಡ ಕಿಂಡಿ ಯಾಕೆ ಅಂತೀರಾ? ಮೈಕ್ರೋ ಕಾರ್ಡ್ ಜೊತೆ ಒಂದು ಪ್ಲಾಸ್ಟಿಕ್ ಅಡಾಪ್ಟರ್ ಉಚಿತವಾಗಿ ಬರುತ್ತದಲ್ಲ, ನಾವು ಡ್ರಾಯರಿಗೆ ಎಸೆಯುವುದು. ಅದರ ಎಡ ಪಕ್ಕಕ್ಕೆ ಸಣ್ಣ ಲಾಕ್ ಇದೆ. ಉಗುರಿನಿಂದ ಕೆಳಗೆ ಜಾರಿಸಿದರೆ ಕಾರ್ಡಿನಿಂದ ಓದಬಹುದು, ಬರೆಯಲು ಅಳಿಸಲು ಆಗಲ್ಲ. ನಾನೀಗ ಮೈಕ್ರೋ ಕಾರ್ಡನ್ನು ಅಡಾಪ್ಟರಿಗೆ ಹಾಕಿ, ಲಾಕ್ ಜಾರಿಸಿ, ದೊಡ್ಡ ಕಿಂಡಿಗೆ ಹಾಕುತ್ತೇನೆ. ಯಾರು ಎಷ್ಟೇ ನಿದ್ದೆಗಣ್ಣಿನಲ್ಲಿ ಕಟ್ ಒತ್ತಲಿ, ಡಿಲೀಟ್ ಒತ್ತಲಿ, ಕಾರ್ಡ್ ಅಲುಗಾಡಲ್ಲ. ಉಗುರಿನ ಕಷ್ಟವೂ ತಪ್ಪಿತು. ವೇಗ ಒಂದೆರಡು ಎಂಬಿ ಹೆಚ್ಚು ಕಡಿಮೆ ಆಗಿರಬಹುದು, ನನ್ನ ಕಣ್ಣಿಗೆ ಕಂಡಿಲ್ಲ.

ಲಾಕ್ ಕಾರ್ಡನ್ನು ಕಾಯುತ್ತದೆ, ಸಿಸ್ಟಮ್‌ನಲ್ಲಿರುವುದನ್ನು ಕಾಯಲ್ಲ. ಅದಕ್ಕೆ ಕಾರ್ಡಿಗೊಂದು ಫೋಲ್ಡರ್. ತಾರೀಖು, ಊರು, ಕಾರ್ಡಿನ ಬಣ್ಣ. ಬಣ್ಣ ಅಂದರೆ ಅಕ್ಕನ ನೇಲ್ ಪಾಲಿಶ್. ಪ್ರತಿ ಕಾರ್ಡಿನ ಹೆಸರಿನ ಬದಿಗೆ ಒಂದು ಚುಕ್ಕೆ: ಕೆಂಪು, ಗುಲಾಬಿ, ನೇರಳೆ. ಹಿತ್ತಾಳೆ ಹಲ್ಲಿನ ಬದಿಗೆ ಹಚ್ಚಬೇಡಿ ಮತ್ತೆ. "ನನ್ನ ಬಾಟ್ಲಿ ಖಾಲಿ ಮಾಡಿದ್ರಿ" ಅಂತ ಅಕ್ಕ ಬೈದಳು. ಆಮೇಲೆ ಕಾಪಿ ಮಾಡಲು ಟೆರಾಕಾಪಿ ಅನ್ನುವ ಸಾಫ್ಟ್‌ವೇರ್ ಬಳಸುತ್ತೇವೆ. ಇಳಿಸಿದ ಮೇಲೆ ಎರಡೂ ಕಡೆಯ ಫೈಲು ಒಂದೇನಾ ಅಂತ ತಾನೇ ಹೋಲಿಸಿ ನೋಡುತ್ತದೆ. ಮನೆ ಬಳಕೆಗೆ ಉಚಿತ. ಅಂಗಡಿ ಕೆಲಸಕ್ಕೆ ದುಡ್ಡು ಕೊಟ್ಟು ತಗೊಳ್ಳಬೇಕು, ತಗೊಂಡೆ. ಎರಡನೇ ಹಾರ್ಡ್ ಡಿಸ್ಕಿಗೂ ಹೋದ ಮೇಲೆಯೇ ಫಾರ್ಮ್ಯಾಟ್. ಅದೂ ಡ್ರೋನಿನಲ್ಲೇ, ನಾನೇ, ಬೆಳಿಗ್ಗೆ ಮುಖ ತೊಳೆದ ಮೇಲೆ.

ಸಿಂಧನೂರಿನ ಗೆಳೆಯರೊಬ್ಬರು ತಮ್ಮ ಮಿನಿ 4 ಪ್ರೊದ ಕಾರ್ಡ್ ತಂದಿದ್ದರು. ಆ ಡ್ರೋನ್ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಅದು ಎಚ್.265 ಅನ್ನುವ ಹೊಸ ವಿಡಿಯೋ ನಮೂನೆಯಲ್ಲಿ ಬರೆದಿತ್ತು. ಫೈಲುಗಳು ಸರಿಯಾಗಿ ಇಳಿದವು, ಆದರೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಇನ್ನೊಂದೇನೋ ಹಾಕಿಕೊಳ್ಳಿ ಅಂತ ತನ್ನ ಆ್ಯಪ್ ಅಂಗಡಿ ತೆರೆಯಿತು. ಗೆಳೆಯರ ಮುಖ ಬಿಳುಚಿತು. "ಕಾರ್ಡ್ ಹೋತೇನ್ರಿ?" ಅಂದರು. ಏನೂ ಹೋಗಿರಲಿಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದರೆ ಓಡಿತು. ಜೊತೆಗೆ ಎಲ್‌ಆರ್‌ಎಫ್ ಅಂತ ಕೊನೆ ಇರುವ ಸಣ್ಣ ಫೈಲುಗಳಿದ್ದವು. ಅವು ಅದೇ ವಿಡಿಯೋದ ಚಿಕ್ಕ ನಕಲು. ಹೆಸರಿನ ಕೊನೆಯನ್ನು ಎಂಪಿ4 ಅಂತ ಬದಲಿಸಿದರೆ ಓಡುತ್ತವೆ. ಅವನ್ನೇ ಎಡಿಟ್ ಮಾಡಿ ಕೊಡಬೇಡಿ, ಮತ್ತೆ ಮಂಜು ಬೀಳುತ್ತದೆ.

ಪೆನ್‌ಡ್ರೈವ್ ವಿಷಯ ರೀಡರಿಗೆ ಸೇರಿದ್ದಲ್ಲ, ಆದರೂ ಬಾಯಿಗೆ ಬಂತು. ಎಲ್ಲ ಮುಗಿದು ಮದುವೆಯವರು ಮನೆಯ ಪೆನ್‌ಡ್ರೈವ್ ತರುತ್ತಾರೆ. 32 ಜಿಬಿ. ನಮ್ಮ ಸಿನಿಮಾ ಬರೀ 6 ಜಿಬಿ. ಹಾಕಿದರೆ ಫೈಲು ಬಹಳ ದೊಡ್ಡದು ಅನ್ನುತ್ತದೆ. "ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಐತಲ್ರಿ?" ಅಂತ ಅವರು, ಹೌದು ಅಂತ ನಾನು. ಫ್ಯಾಟ್32 ಅನ್ನುವ ಹಳೇ ನಮೂನೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಒಳಗೆ ಬಿಡಲ್ಲ. ಎಕ್ಸ್‌ಫ್ಯಾಟ್ ಅನ್ನುವ ಹೊಸ ನಮೂನೆಗೆ ಮಾಡಿಕೊಟ್ಟರೆ ಕೆಲವು ಹಳೇ ಟಿವಿಗಳು ಓದಲ್ಲ. ಹಾಗಾಗಿ ಸಿನಿಮಾವನ್ನೇ ಎರಡು ತುಂಡು ಮಾಡಿ ಕೊಡುತ್ತೇನೆ. ಅಕ್ಕಿಕಾಳಿನ ತನಕ ಒಂದು, ಊಟದಿಂದ ಇನ್ನೊಂದು.

ಈಗ ಆರು ತಿಂಗಳಾಯಿತು. ಇಪ್ಪತ್ತೆರಡು ಮದುವೆ, ಎರಡು ಜಾತ್ರೆ, ಒಂದು ಶಾಲೆಯ ವಾರ್ಷಿಕೋತ್ಸವ ಈ ರೀಡರ್ ಮೂಲಕ ಇಳಿದಿವೆ. ಒಂದು ಸಲವೂ ನಡುವೆ ಕೈ ಕೊಟ್ಟಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮುಚ್ಚಳಕ್ಕೆ.

ಕಳೆಯಬಾರದು ಅಂತ ಫಿಲ್ಮ್ ಡಬ್ಬಿಗೆ ತೂತು ಮಾಡಿ ದಾರ ಪೋಣಿಸಿ ಮೇಜಿನ ಕಾಲಿಗೆ ಕಟ್ಟಿದ್ದೇನೆ. ನಿನ್ನೆ ಎದುರಿನ ಸ್ಟುಡಿಯೋದ ಅಣ್ಣ ಬಂದು, "ತಮ್ಮಾ, ಅದನ್ನ ಒಂದು ಅರ್ಧ ತಾಸು ಕೊಡು, ತಂದು ಕೊಡ್ತೀನಿ" ಅಂದರು. ದಾರ ಬಿಚ್ಚಲಿಲ್ಲ. "ಅಣ್ಣಾ, ಕಾರ್ಡ್ ಇಲ್ಲಿಗೇ ತಗೊಂಡ್ ಬರ್ರಿ, ಎಂಟು ನಿಮಿಷದ ಕೆಲಸ. ಅಷ್ಟರಾಗ ಚಾ ಬರತೈತಿ" ಅಂದೆ. ಹೋಗಿ ತಂದರು. ಅವರ ಎರಡು ಕಾರ್ಡಿಗೂ ಶರಣು ನೇಲ್ ಪಾಲಿಶ್ ಚುಕ್ಕೆ ಇಟ್ಟು ಕಳಿಸಿದ.